ಇಪ್ಪತ್ತೊಂದು ಅಕ್ಷರ

ಈ ಸಲದ ಸಂಚಿಕೆಗೆ ದೊಡ್ಡವರೊಬ್ಬರ ಜೀವನ ಬರೆದು ಕಳಿಸಿ ಅಂತ ಕನ್ನಡ ಸಂಘದ ಕಾರ್ಯದರ್ಶಿಗಳು ಕೇಳಿದಾಗ ಅವರ ಮನಸ್ಸಿನಲ್ಲಿ ಯಾವ ಕವಿಗಳಿದ್ದರೋ, ಯಾವ ದೇಶಭಕ್ತರಿದ್ದರೋ ನಾನರಿಯೆ. ನಾನು ಬರೆಯಹೊರಟಿರುವುದು ಒಬ್ಬ ಬೇಸ್‌ಬಾಲ್ ಆಟಗಾರನ ವಿಷಯ. ಆ ಆಟವನ್ನು ಮೈದಾನದಲ್ಲಿ ಕೂತು ಒಂದು ದಿನವೂ ನೋಡಿದವನಲ್ಲ ನಾನು. ಆದರೂ ಅವನ ಬಗ್ಗೆ ಬರೆಯಲೇಬೇಕೆಂದು ಅನ್ನಿಸಿದ್ದು ನಮ್ಮ ಸೊಸೈಟಿಯ ಹುಡುಗರ ಅಂಗಿಗಳಿಂದ. ಆದ್ದರಿಂದ ಮೊದಲು ಅಂಗಿಯ ಕಥೆ, ಆಮೇಲೆ ಆಟಗಾರನ ಕಥೆ.

ಕೆಲಸದ ನಿಮಿತ್ತ ಅಹಮದಾಬಾದಿಗೆ ಬಂದ ಮೇಲೆ ನಾನು ಮನೆ ಮಾಡಿರುವುದು ವಸ್ತ್ರಾಪುರದಲ್ಲಿ. ಒಂದು ಕಡೆ ಕೆರೆ, ಇನ್ನೊಂದು ಕಡೆ ಲೂಯಿ ಕಾನ್ ಕಟ್ಟಿಸಿದ ಕೆಂಪಿಟ್ಟಿಗೆಯ ಐಐಎಂ, ನಡುವೆ ಸಾಲುಸಾಲು ಸೊಸೈಟಿಗಳು. ಇಲ್ಲಿ ಫ್ಲಾಟುಗಳ ಗುಂಪಿಗೆ ಸೊಸೈಟಿ ಅನ್ನುತ್ತಾರೆ. ನನ್ನ ಅಕ್ಕನ ಮಗ ನಮ್ಮಲ್ಲೇ ಇದ್ದುಕೊಂಡು ಹೈಸ್ಕೂಲು ಓದುತ್ತಿದ್ದಾನೆ. ಹೋದ ಚಳಿಗಾಲ ಸೊಸೈಟಿಯ ಕ್ರಿಕೆಟ್ ತಂಡಕ್ಕೆ ಅವನನ್ನು ಸೇರಿಸಿಕೊಂಡರು. ಸೇರಿಸಿಕೊಂಡ ದಿನವೇ ಅಂಗಿಗೆ ದುಡ್ಡು ಕೊಡಬೇಕು, ಬೆನ್ನ ಮೇಲಿನ ನಂಬರು ಹೇಳಬೇಕು. 7 ಹೋಗಿತ್ತು. 18 ಹೋಗಿತ್ತು. 10 ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. 2017ರಲ್ಲಿ ಶಾರ್ದೂಲ್ ಠಾಕೂರ್ ಭಾರತದ ಪರ 10 ಹಾಕಿಕೊಂಡು ಇಳಿದಾಗ ತೆಂಡೂಲ್ಕರ್ ಅಭಿಮಾನಿಗಳು ಮಾಡಿದ ಗಲಾಟೆ ಈ ಹುಡುಗರಿಗೂ ಬಾಯಿಪಾಠ. ಮಾಮಾ, ಯಾವ ನಂಬರು ಹಾಕಿಸ್ಲಿ ಅಂತ ಕೇಳಿದ. ಯಾವುದಾದರೇನೋ, ಆಡೋದು ನೀನು, ನಂಬರಲ್ಲ ಅಂದೆ. ಅವನು ನನ್ನನ್ನು ಪಾಪ ಅನ್ನುವ ಹಾಗೆ ನೋಡಿದ. ವಡೋದರಾದ ಹಾರ್ದಿಕ್ ಪಾಂಡ್ಯ ಮೊದಲು 228 ಹಾಕಿಕೊಳ್ಳುತ್ತಿದ್ದದ್ದು ಯಾಕೆ ಗೊತ್ತಾ, ಹದಿನಾರು ವರ್ಷದೊಳಗಿನವರ ಪಂದ್ಯದಲ್ಲಿ ಅಷ್ಟು ರನ್ ಹೊಡೆದಿದ್ದಕ್ಕೆ. ನಮ್ಮ ಅಹಮದಾಬಾದಿನ ಬುಮ್ರಾ ಹುಟ್ಟಿದ್ದು 1993, ಅಂಗಿಯ ಮೇಲೆ 93 ಅಂತೆಲ್ಲ ನನಗೇ ಪಾಠ ಒಪ್ಪಿಸಿದ. ನಾನಿನ್ನೂ ಏನೂ ಹೊಡೆದಿಲ್ವಲ್ಲ, ನನಗೆ ಯಾವ ನಂಬರು ಅಂತ ಅವನ ಚಿಂತೆ.

ನ್ಯಾಯವಾದ ಪ್ರಶ್ನೆಯೇ. ಇನ್ನೂ ಏನೂ ಸಾಧಿಸದವನು, ನಿನ್ನೆ ತಾನೆ ತಂಡಕ್ಕೆ ಬಂದವನು, ಯಾವ ಸಂಖ್ಯೆ ಕೇಳಬೇಕು? ಆಗ ನೆನಪಾದವನು ರೊಬೆರ್ತೊ ಕ್ಲೆಮೆಂತೆ. ಅಮೆರಿಕದಲ್ಲಿ ಕೆಲವು ವರ್ಷ ಇದ್ದು ಬಂದ ಸಹೋದ್ಯೋಗಿಯೊಬ್ಬರು ಊರು ಬಿಡುವಾಗ ನನ್ನ ಮೇಲೆ ಹೊರಿಸಿಹೋದ ಪುಸ್ತಕಗಳಲ್ಲಿ ಅವನ ಜೀವನಚರಿತ್ರೆಯೂ ಒಂದಿತ್ತು. ಅದನ್ನು ಓದಿದ ಮೇಲೆ ಸಿಕ್ಕಿದ್ದನ್ನೆಲ್ಲ ಹುಡುಕಿ ಓದಿದ್ದೇನೆ. (ಅವನು, ಇವನು ಅನ್ನುತ್ತಿದ್ದೇನೆಂದು ಬೇಸರಿಸಬೇಡಿ. ಆಟಗಾರರನ್ನು ಏಕವಚನದಲ್ಲಿ ಕರೆಯುವುದು ನಮ್ಮಲ್ಲಿ ಪ್ರೀತಿಯ ಪದ್ಧತಿ.)

ಕೆರಿಬಿಯನ್ ಸಮುದ್ರದಲ್ಲಿ ಪೋರ್ಟೊರಿಕೊ ಅಂತ ಒಂದು ದ್ವೀಪ. ನಾಲ್ಕು ಶತಮಾನ ಸ್ಪೇನಿನ ಕೈಯಲ್ಲಿದ್ದು 1898ರಲ್ಲಿ ಅಮೆರಿಕದ ಕೈಗೆ ಬಂತು. 1917ರಿಂದ ಅಲ್ಲಿಯವರು ಅಮೆರಿಕದ ಪ್ರಜೆಗಳು. ಆದರೆ ಮನೆಮಾತು ಸ್ಪ್ಯಾನಿಷ್. ಅಲ್ಲಿನ ಕರೋಲಿನಾ ಎಂಬ ಊರಿನಲ್ಲಿ 1934ರ ಆಗಸ್ಟ್ 18ರಂದು ರೊಬೆರ್ತೊ ಹುಟ್ಟಿದ. ಮನೆಯಲ್ಲಿ ಎಲ್ಲರಿಗಿಂತ ಕಿರಿಯವನು. ತಂದೆ ಮೆಲ್ಚೋರ್ ಕ್ಲೆಮೆಂತೆ ಕಬ್ಬಿನ ಗದ್ದೆಯ ಮೇಸ್ತ್ರಿ. ಈ ಮಗ ಹುಟ್ಟುವಾಗಲೇ ಐವತ್ತು ದಾಟಿದ್ದವನು. ತಾಯಿ ಲೂಯಿಸಾ ವಾಕರ್. ಮಂಡ್ಯದ ಕಡೆಯವರಿಗೆ ಕಬ್ಬಿನ ಮೇಸ್ತ್ರಿಯ ಮನೆ ಎಂದರೆ ಹೇಗಿರುತ್ತದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೊಟ್ಟೆಗೆ ಬಟ್ಟೆಗೆ ಕೊರತೆಯಿಲ್ಲ, ಆದರೆ ಬೇಕೆಂದದ್ದಕ್ಕೆಲ್ಲ ದುಡಿಯಬೇಕು. ಹುಡುಗನೂ ಗದ್ದೆಯಲ್ಲಿ ದುಡಿದ, ಲಾರಿಗೆ ಹೇರು ಹೇರಿದ.

ಆಟದ ಸಾಮಾನು ಕೊಳ್ಳುವ ಮಾತೇ ಇರಲಿಲ್ಲ. ಸೀಬೆ ಮರದ ಕೊಂಬೆ ಬ್ಯಾಟು, ಚಿಂದಿ ಸುತ್ತಿದ ಉಂಡೆ ಚೆಂಡು. ನಮ್ಮ ಹಳ್ಳಿಗಳಲ್ಲಿ ತೆಂಗಿನ ಮಟ್ಟೆಯಿಂದ ಕ್ರಿಕೆಟ್ ಆಡಲಿಲ್ಲವೆ, ಹಾಗೆ. ಹೈಸ್ಕೂಲಿನಲ್ಲಿ ಅವನು ಭರ್ಜಿ ಎಸೆಯುತ್ತಿದ್ದ. ಮುಂದೆ ಮೈದಾನದ ಮೂಲೆಯಿಂದ ಅವನು ಚೆಂಡು ಎಸೆದರೆ ಓಡುವವನು ಅರ್ಧದಾರಿಯಲ್ಲಿ ನಿಂತು ಹಿಂದಿರುಗುತ್ತಿದ್ದನಲ್ಲ, ಆ ತೋಳು ತಯಾರಾದದ್ದು ಆ ಭರ್ಜಿಯಿಂದಲೇ ಎಂದು ಬಲ್ಲವರು ಬರೆದಿದ್ದಾರೆ. 1952ರಲ್ಲಿ, ಹದಿನೆಂಟನೇ ವಯಸ್ಸಿಗೆ, ದ್ವೀಪದ ಸಾಂಟುರ್ಸೆ ತಂಡ ಅವನನ್ನು ವಾರಕ್ಕೆ 40 ಡಾಲರಿಗೆ ಗೊತ್ತುಮಾಡಿಕೊಂಡಿತು.

ಇಲ್ಲಿಂದ ಮುಂದಿನ ವ್ಯವಹಾರ ಸ್ವಲ್ಪ ತೊಡಕು. ಆದರೂ ಹೇಳಬೇಕು, ಯಾಕೆಂದರೆ ಅವನು ಆ ಸಂಖ್ಯೆಯ ತನಕ ಬಂದದ್ದು ಈ ದಾರಿಯಲ್ಲೇ. 1954ರ ಫೆಬ್ರವರಿಯಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡ 10,000 ಡಾಲರ್ ಬೋನಸ್ ಕೊಟ್ಟು ಅವನನ್ನು ಸೇರಿಸಿಕೊಂಡಿತು. ಇನ್ನೊಂದು ತಂಡ ಅದರ ಎರಡು ಪಟ್ಟಿಗಿಂತ ಹೆಚ್ಚು ಕೊಡಲು ಬಂದಿತ್ತಂತೆ; ಮಾತು ಕೊಟ್ಟಾಗಿದೆ ಅಂತ ಮನೆಯವರು ಒಪ್ಪಲಿಲ್ಲ. ಆ ಕಾಲದ ನಿಯಮವೆಂದರೆ, 4,000 ಡಾಲರಿಗಿಂತ ಹೆಚ್ಚು ಬೋನಸ್ ಪಡೆದ ಹೊಸಬನನ್ನು ಮುಖ್ಯ ತಂಡದಲ್ಲಿ ಇಟ್ಟುಕೊಳ್ಳದೆ ಕೆಳಗಿನ ತಂಡಕ್ಕೆ ಕಳಿಸಿದರೆ, ವರ್ಷದ ಕೊನೆಗೆ ಬೇರೆ ಯಾರು ಬೇಕಾದರೂ ಅವನನ್ನು ಎತ್ತಿಕೊಂಡುಹೋಗಬಹುದು. ಡಾಡ್ಜರ್ಸ್ ಅವನನ್ನು ಕೆನಡಾದ ಮಾಂಟ್ರಿಯಲ್‌ಗೆ ಕಳಿಸಿತು. ಅಲ್ಲಿ ಅವನನ್ನು ಆಡಿಸಿದ್ದಕ್ಕಿಂತ ಕೂರಿಸಿದ್ದೇ ಹೆಚ್ಚು. ಬೇರೆ ತಂಡದವರ ಕಣ್ಣಿಗೆ ಬೀಳದಿರಲಿ ಅಂತಲೇ ಬಚ್ಚಿಟ್ಟರು ಎಂದು ಹೇಳುವವರಿದ್ದಾರೆ. ಆದರೆ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದಿಂದ ಆಟಗಾರರನ್ನು ಅರಸಿ ಬಂದಿದ್ದ ಕ್ಲೈಡ್ ಸುಕೆಫೋರ್ತ್ ಎಂಬವನಿಗೆ ಅಭ್ಯಾಸದಲ್ಲಿ ಆ ತೋಳು ಕಂಡುಬಿಟ್ಟಿತು. 1954ರ ನವೆಂಬರಿನಲ್ಲಿ, ಹಿಂದಿನ ಸಾಲಿನಲ್ಲಿ ಕಟ್ಟಕಡೆಗೆ ಬಂದಿದ್ದ ಕಾರಣಕ್ಕೆ ಮೊದಲ ಆಯ್ಕೆಯ ಹಕ್ಕು ಪಡೆದಿದ್ದ ಪಿಟ್ಸ್‌ಬರ್ಗ್, 4,000 ಡಾಲರ್ ಕಟ್ಟಿ ಅವನನ್ನು ಒಯ್ದಿತು. ಪಿಟ್ಸ್‌ಬರ್ಗಿನ ಆಗಿನ ಯಜಮಾನಿಕೆ ಬ್ರಾಂಚ್ ರಿಕಿಯದು. 1947ರಲ್ಲಿ ಜಾಕಿ ರಾಬಿನ್‌ಸನ್ ಎಂಬ ಕರಿಯ ಆಟಗಾರನಿಗೆ 42ನೇ ನಂಬರಿನ ಅಂಗಿ ತೊಡಿಸಿ ಬಿಳಿಯರ ಲೀಗಿನೊಳಕ್ಕೆ ಇಳಿಸಿದವನೂ ಅವನೇ, ಆ ಕಳೆದುಕೊಂಡ ಬ್ರೂಕ್ಲಿನ್ ತಂಡದಲ್ಲೇ.

1955ರ ಏಪ್ರಿಲ್ 17ರಂದು ಕ್ಲೆಮೆಂತೆ ಮೊದಲ ಪಂದ್ಯ ಆಡಿದ. ಎದುರಾಳಿ ಯಾರು ಅಂತೀರಿ? ಅದೇ ಬ್ರೂಕ್ಲಿನ್. ಅವನ ಬೆನ್ನ ಮೇಲೆ ಅಂದು ಇದ್ದದ್ದು 13. ಹೊಸಬನಿಗೆ ಉಳಿದದ್ದನ್ನು ಕೊಡುವುದು ರೂಢಿ.

ಈ ನಂಬರು ಹಾಕುವ ಪದ್ಧತಿಯ ಬಗ್ಗೆ ಎರಡು ಮಾತು. ಮೊದಲಿಗೆ ಅದಕ್ಕೆ ಏನೂ ದೊಡ್ಡ ಅರ್ಥವಿರಲಿಲ್ಲ. 1929ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡ ಆಟಗಾರರಿಗೆ ಬ್ಯಾಟು ಹಿಡಿಯುವ ಸರದಿಯಂತೆ ಸಂಖ್ಯೆ ಹಂಚಿತು. ಮೂರನೆಯವನಾಗಿ ಬರುತ್ತಿದ್ದ ಬೇಬ್ ರೂತ್‌ಗೆ 3, ನಾಲ್ಕನೆಯ ಲೂ ಗೆರಿಗ್‌ಗೆ 4. ದೂರದಲ್ಲಿ ಕೂತವರಿಗೆ ಯಾರು ಯಾರೆಂದು ತಿಳಿಯಲಿ ಎಂಬ ಸೌಕರ್ಯ, ಅಷ್ಟೆ. ಸಂಖ್ಯೆ ಮನುಷ್ಯನಿಗೆ ಅಂಟಿಕೊಂಡದ್ದು ಆಮೇಲೆ. 1939ರಲ್ಲಿ ಗೆರಿಗ್ ಕಾಯಿಲೆಯಿಂದ ಆಟ ಬಿಟ್ಟಾಗ ಆ 4 ಇನ್ನು ಯಾರಿಗೂ ಇಲ್ಲ ಎಂದು ತೀರ್ಮಾನಿಸಿದರು. ಒಂದು ಸಂಖ್ಯೆಗೆ ಹಾಗೆ ವಿಶ್ರಾಂತಿ ಕೊಟ್ಟದ್ದು ಅದೇ ಮೊದಲು.

ಕ್ಲೆಮೆಂತೆಗೆ ಬೇಕಾಗಿದ್ದದ್ದು 21. ಯಾಕೆ 21? ಅವನು ಇನ್ನೂ ಏನೂ ಹೊಡೆದಿರಲಿಲ್ಲ, ನಮ್ಮ ಹುಡುಗನ ಹಾಗೆಯೇ. ಅವನ ಹತ್ತಿರ ಇದ್ದದ್ದು ಒಂದೇ, ಹೆಸರು. ಪೂರ್ತಿ ಹೆಸರು ರೊಬೆರ್ತೊ ಕ್ಲೆಮೆಂತೆ ವಾಕರ್. ಸ್ಪ್ಯಾನಿಷ್ ಕಾಗುಣಿತದಲ್ಲಿ ಬರೆದು ಅಕ್ಷರ ಎಣಿಸಿದರೆ ರೊಬೆರ್ತೊಗೆ 7, ಕ್ಲೆಮೆಂತೆಗೆ 8, ವಾಕರ್‌ಗೆ 6. ಒಟ್ಟು 21. ಆಗ ಆ ಸಂಖ್ಯೆ ತಂಡದ ಅರ್ಲ್ ಸ್ಮಿತ್ ಎಂಬವನ ಬೆನ್ನ ಮೇಲಿತ್ತು. ಆ ಸ್ಮಿತ್ ಕೆಲವೇ ಪಂದ್ಯ ಆಡಿ ತಂಡದಿಂದ ಹೊರಗೆ ಹೋದ. 21 ಖಾಲಿಯಾಯಿತು. ಕ್ಲೆಮೆಂತೆ 13 ಕಳಚಿಟ್ಟು ಅದನ್ನು ತೊಟ್ಟ. ಮುಂದೆ ಹದಿನೆಂಟು ಸಾಲು ಅದನ್ನು ಬಿಚ್ಚಲಿಲ್ಲ.

ಕನ್ನಡದ ವಿದ್ಯಾರ್ಥಿಗಳು ಓದುವ ಪತ್ರಿಕೆಯಾದ್ದರಿಂದ ಒಂದು ಅಧಿಕಪ್ರಸಂಗ. ಈ ಲೆಕ್ಕ ನಮ್ಮ ಲಿಪಿಯಲ್ಲಿ ಕೂಡುವುದಿಲ್ಲ. ನಾವು ಎಣಿಸಿದರೆ ರೊ-ಬೆರ್-ತೊ ಮೂರು, ಕ್ಲೆ-ಮೆಂ-ತೆ ಮೂರು, ವಾ-ಕರ್ ಎರಡು, ಒಟ್ಟು ಎಂಟೇ ಎಂಟು. ಮಾತ್ರೆ ಹಾಕಿ ನೋಡಿದೆ. ಲಘು ಗುರು ಲಘು, ಲಘು ಗುರು ಲಘು, ಗುರು ಗುರು. ಒಂದೊಂದು ಹೆಸರನ್ನು ಬಿಡಿಬಿಡಿಯಾಗಿ ಹಿಡಿದರೆ ಒಂದೊಂದಕ್ಕೂ ಸರಿಯಾಗಿ ನಾಲ್ಕು ಮಾತ್ರೆ! ನಮ್ಮ ಛಂದಸ್ಸಿನ ಮೇಷ್ಟ್ರು ಇದ್ದಿದ್ದರೆ ಸಂತೋಷಪಡುತ್ತಿದ್ದರು. ಸ್ಪ್ಯಾನಿಷ್ ಉಚ್ಚಾರದ ತಕಾರ ನಮ್ಮ ತಕಾರಕ್ಕೆ ಹತ್ತಿರ, ಆದ್ದರಿಂದಲೇ ರಾಬರ್ಟೊ ಅನ್ನದೆ ರೊಬೆರ್ತೊ ಅಂತ ಬರೆಯುತ್ತಿದ್ದೇನೆ. ಇದು ಸಣ್ಣ ವಿಷಯ ಅಂತ ನಿಮಗೆ ಅನ್ನಿಸಬಹುದು. ಅವನಿಗೆ ಸಣ್ಣದಾಗಿರಲಿಲ್ಲ.

ಸ್ಪ್ಯಾನಿಷ್ ಆಡುವವರಲ್ಲಿ ತನ್ನ ಹೆಸರಿನ ಮುಂದೆ ಮೊದಲು ತಂದೆಯ ಮನೆತನದ ಹೆಸರು, ಆಮೇಲೆ ತಾಯಿಯ ಮನೆತನದ ಹೆಸರು. ಕ್ಲೆಮೆಂತೆ ಅಪ್ಪನದು, ವಾಕರ್ ಅಮ್ಮನದು. ಇಂಗ್ಲಿಷಿನವರಿಗೆ ಇದು ಅರ್ಥವಾಗುವುದಿಲ್ಲ. ಅವರ ಲೆಕ್ಕದಲ್ಲಿ ಮನೆತನದ ಹೆಸರು ಕಟ್ಟಕಡೆಗೆ ಬರಬೇಕು, ನಡುವೆ ಬರುವುದು ಇದ್ದರೂ ಸರಿ, ಬಿಟ್ಟರೂ ಸರಿ. ಹೀಗಾಗಿ ವಾಕರ್ ಒಂದೋ ಬಿದ್ದೇ ಹೋಗುತ್ತಿತ್ತು, ಇಲ್ಲವೆ ನಡುವೆ ಹೋಗಿ ಕೂರುತ್ತಿತ್ತು. ಮುಂದಿನ ಹೆಸರಿಗಾದರೂ ಕ್ಷೇಮವಿತ್ತೇ? ಅದೂ ಇಲ್ಲ. ರೇಡಿಯೋದವರೂ ಪತ್ರಿಕೆಯವರೂ ಅವನನ್ನು ಬಾಬ್ ಎಂದರು, ಬಾಬಿ ಎಂದರು. ನಮ್ಮ ಕಾಲದಲ್ಲಿ ಬಬಲ್ ಗಮ್ ಜೊತೆ ಕ್ರಿಕೆಟಿಗರ ಚಿತ್ರ ಬರುತ್ತಿತ್ತಲ್ಲ, ಅಂಥ ಚಿತ್ರದ ಕಾರ್ಡುಗಳು ಅಲ್ಲಿಯ ಮಕ್ಕಳಿಗೆ ಪಂಚಪ್ರಾಣ. ಅದರ ಮೇಲೂ 1960ರ ದಶಕದಲ್ಲೆಲ್ಲ ಬಾಬ್ ಕ್ಲೆಮೆಂತೆ ಅಂತಲೇ ಅಚ್ಚಾಯಿತು. ತಾನು ಬಾಬ್ ಅಲ್ಲ, ರೊಬೆರ್ತೊ ಎಂದು ಅವನು ಹೇಳುತ್ತಲೇ ಬಂದ. ಕೇಳಿಸಿಕೊಂಡವರು ಕಡಿಮೆ. ಅವನ ಇಂಗ್ಲಿಷನ್ನು ಪತ್ರಿಕೆಯವರು ಅವನ ಉಚ್ಚಾರವನ್ನೇ ಅಣಕಿಸಿ ಅಡ್ಡಾದಿಡ್ಡಿ ಕಾಗುಣಿತದಲ್ಲಿ ಅಚ್ಚುಹಾಕುತ್ತಿದ್ದರು. 1961ರ ತಾರಾ ಪಂದ್ಯದಲ್ಲಿ ಗೆಲುವಿನ ಹೊಡೆತ ಹೊಡೆದು ಬಂದವನ ಮಾತನ್ನು ಮಾರನೆಯ ದಿನದ ಪತ್ರಿಕೆಗಳು ಹಾಗೆಯೇ ಹಾಕಿದವು. ಗೆದ್ದ ದಿನವೂ ನಗೆಪಾಟಲು. ಅವನನ್ನು ಹೀಗೆ ಅಣಕಿಸಿದವರಲ್ಲಿ ಸ್ಪ್ಯಾನಿಷಿನಲ್ಲಿ ನಾಲ್ಕು ವಾಕ್ಯ ಆಡಬಲ್ಲವರು ಎಷ್ಟು ಜನ ಇದ್ದರೋ!

ನನಗೆ ಈ ಭಾಗ ಓದುವಾಗ ಸ್ವಂತ ಅನುಭವ ನೆನಪಾಗಿ ನಗುವೂ ಬಂತು, ಹೊಟ್ಟೆಯೂ ಉರಿಯಿತು. ಗುಜರಾತಿನ ಫಾರಂಗಳಲ್ಲಿ ಮನೆತನ, ತನ್ನ ಹೆಸರು, ತಂದೆಯ ಹೆಸರು ಅಂತ ಮೂರು ಖಾನೆ ಇರುತ್ತವೆ. ನಾವೋ ಹಳೇ ಮೈಸೂರಿನವರು. ಊರಿನದೊಂದು, ಅಪ್ಪನದೊಂದು ಇನಿಷಿಯಲ್ಲು, ಆಮೇಲೆ ಹೆಸರು, ಮುಗಿಯಿತು. ಇಲ್ಲಿಗೆ ಬಂದ ಹೊಸತರಲ್ಲಿ ಒಂದು ಕಚೇರಿಯ ಗುಮಾಸ್ತರು ಇನಿಷಿಯಲ್ಲು ಬಿಡಿಸಿ ಹೇಳಿ ಅಂದರು. ಹೇಳಿದೆ. ಹಳ್ಳಿ ಎಂದು ಕೊನೆಯಾಗುವ ನಮ್ಮೂರಿನ ಹೆಸರು ಮನೆತನದ ಖಾನೆಯಲ್ಲಿ ಹೋಗಿ ಕೂತಿತು. ಅಂದಿನಿಂದ ಅಲ್ಲಿಯವರಿಗೆ ನಾನು ಹಳ್ಳಿಭಾಯಿ. ತಿದ್ದಿಸಲು ಮೂರು ಸಲ ಅಲೆದು ಬಿಟ್ಟುಬಿಟ್ಟೆ. ಕ್ಲೆಮೆಂತೆ ಬಿಡಲಿಲ್ಲ. ಅವನು ದೊಡ್ಡವನು ಅಂತ ನಾನು ತಿಳಿದದ್ದು ಇಲ್ಲಿ.

ಆಟದ ವಿಷಯಕ್ಕೆ ಬರೋಣ. ಬೇಸ್‌ಬಾಲಿನಲ್ಲಿ ಹತ್ತು ಸಲ ಬ್ಯಾಟು ಹಿಡಿದು ಮೂರು ಸಲ ಹಿಟ್ ಹೊಡೆದರೆ ಅವನು ಬಲು ದೊಡ್ಡ ಆಟಗಾರ. ಏಳು ಸಲ ಸೋಲುವುದು ಅಲ್ಲಿ ಗೌರವದ ಬಾಳು. ಕ್ಲೆಮೆಂತೆಯ ಇಡೀ ಜೀವಮಾನದ ಸರಾಸರಿ ಸಾವಿರಕ್ಕೆ 317. 1961, 1964, 1965, 1967, ಈ ನಾಲ್ಕು ಸಾಲುಗಳಲ್ಲಿ ತನ್ನ ಲೀಗಿಗೇ ಮೊದಲಿಗ. ಮೈದಾನದ ಬಲಮೂಲೆ ಕಾಯುವುದರಲ್ಲಿ 1961ರಿಂದ 1972ರ ವರೆಗೆ ಸತತ ಹನ್ನೆರಡು ಸಲ ಚಿನ್ನದ ಕೈಚೀಲದ ಪ್ರಶಸ್ತಿ. 1966ರಲ್ಲಿ ಲೀಗಿನ ಶ್ರೇಷ್ಠ ಆಟಗಾರ. ಇದೆಲ್ಲ ಬೆನ್ನುನೋವಿನ ನಡುವೆ. 1954ರ ಚಳಿಗಾಲದಲ್ಲಿ ಸಾವಿನ ಅಂಚಿನಲ್ಲಿದ್ದ ಅಣ್ಣನನ್ನು ನೋಡಿಬರುವಾಗ ಕುಡಿದವನೊಬ್ಬ ತನ್ನ ಕಾರನ್ನು ಇವನ ಕಾರಿಗೆ ಗುದ್ದಿಸಿದ್ದ. ಬ್ಯಾಟು ಹಿಡಿಯುವ ಮುಂಚೆ ಪ್ರತಿ ಸಲ ಕತ್ತನ್ನು ಆ ಕಡೆ ಈ ಕಡೆ ಹೊರಳಿಸಿ ಲಟಕ್ಕನೆ ಮುರಿದುಕೊಳ್ಳುತ್ತಿದ್ದದ್ದು ಅದರಿಂದ. ನೋವು ಅಂದರೆ ಪತ್ರಿಕೆಯವರು ಸೋಗು ಅಂದರು.

1960ರಲ್ಲಿ ಪಿಟ್ಸ್‌ಬರ್ಗ್ ವಿಶ್ವ ಸರಣಿ ಗೆದ್ದಿತು. ಏಳೂ ಪಂದ್ಯಗಳಲ್ಲಿ ಕ್ಲೆಮೆಂತೆ ಹಿಟ್ ಹೊಡೆದಿದ್ದ. ಆದರೆ ಆ ವರ್ಷದ ಶ್ರೇಷ್ಠ ಆಟಗಾರನ ಮತದಾನದಲ್ಲಿ ಪತ್ರಿಕೆಯವರು ಅವನಿಗೆ ಕೊಟ್ಟದ್ದು ಎಂಟನೇ ಸ್ಥಾನ. ಅದು ಅವನ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. ಅಷ್ಟು ಮುನಿಸು ಬೇಕಿತ್ತೇ ಎಂದು ನಾನೂ ಒಮ್ಮೊಮ್ಮೆ ಯೋಚಿಸಿದ್ದೇನೆ. ಆದರೆ ಫ್ಲಾರಿಡಾದ ಫೋರ್ಟ್ ಮೈಯರ್ಸ್ ಸಂಗತಿ ಓದಿದ ಮೇಲೆ ಆ ಪ್ರಶ್ನೆ ಕೇಳುವುದಕ್ಕೆ ಮನಸ್ಸು ಬರುವುದಿಲ್ಲ. ವರ್ಷವರ್ಷವೂ ವಸಂತದ ಅಭ್ಯಾಸಕ್ಕೆ ತಂಡ ಅಲ್ಲಿಗೆ ಹೋಗುತ್ತಿತ್ತು. ಬಿಳಿಯ ಆಟಗಾರರಿಗೆ ಹೋಟೆಲು. ಕರಿಯರಿಗೆ ಊರಿನ ಇನ್ನೊಂದು ಮಗ್ಗುಲಿನ ಕರಿಯರ ಕೇರಿಯಲ್ಲಿ ಯಾರದೋ ಮನೆಯ ಕೋಣೆ. ಬಸ್ಸು ದಾರಿಯಲ್ಲಿ ಊಟಕ್ಕೆ ನಿಂತರೆ ಕರಿಯರು ಬಸ್ಸಿನಲ್ಲೇ ಕೂತಿರಬೇಕು, ಒಳಗೆ ಉಂಡವರು ಪೊಟ್ಟಣ ಕಟ್ಟಿಸಿ ತಂದುಕೊಡಬೇಕು. ದ್ವೀಪದಲ್ಲಿ ಹೀಗೆ ಕಾನೂನಿನ ಗೋಡೆ ಕಾಣದೆ ಬೆಳೆದವನಿಗೆ ಅದನ್ನು ನುಂಗುವುದಾಗಲಿಲ್ಲ. ಆ ಪೊಟ್ಟಣ ಮುಟ್ಟಬೇಡಿ ಅಂತ ಜೊತೆಯವರಿಗೆ ಹೇಳಿದ. ಕೊನೆಗೆ ನಮಗೆ ಬೇರೆ ಗಾಡಿ ಕೊಡಿ, ನಮ್ಮ ಊಟದ ದಾರಿ ನಾವು ನೋಡಿಕೊಳ್ಳುತ್ತೇವೆ ಎಂದು ಯಜಮಾನರ ಹತ್ತಿರ ಹಟ ಹಿಡಿದು ಗಾಡಿ ಕೊಡಿಸಿದ. ನಮ್ಮಲ್ಲಿ ಹೋಟೆಲಿನ ಹೊರಗೆ ಕುಳಿತು ಬೇರೆ ಲೋಟದಲ್ಲಿ ಕಾಫಿ ಕುಡಿದವರ ಮೊಮ್ಮಕ್ಕಳೂ ಈ ಪುಟ ಓದುತ್ತಿರಬಹುದು, ಅವರಿಗೆ ಇದು ದೂರದ ದೇಶದ ಕಥೆ ಅನ್ನಿಸಲಾರದು.

1968ರ ಏಪ್ರಿಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದಾಗ, ಅವರ ಅಂತ್ಯಕ್ರಿಯೆ ಮುಗಿಯುವ ತನಕ ತಾವು ಮೈದಾನಕ್ಕಿಳಿಯುವುದಿಲ್ಲವೆಂದು ಪಿಟ್ಸ್‌ಬರ್ಗ್ ಆಟಗಾರರು ನಿಂತರು. ಮುಂದೆ ನಿಂತವರಲ್ಲಿ ಕ್ಲೆಮೆಂತೆ ಒಬ್ಬ. ಸಾಲಿನ ಮೊದಲ ಪಂದ್ಯ ಮುಂದಕ್ಕೆ ಹೋಯಿತು. 1971ರ ಸೆಪ್ಟೆಂಬರ್ 1ರಂದು ಪಿಟ್ಸ್‌ಬರ್ಗ್ ಇಳಿಸಿದ ಒಂಬತ್ತು ಜನರಲ್ಲಿ ಒಬ್ಬನೂ ಬಿಳಿಯನಿರಲಿಲ್ಲ, ಎಲ್ಲರೂ ಕರಿಯರು, ಲ್ಯಾಟಿನ್ ಅಮೆರಿಕದವರು. ದೊಡ್ಡ ಲೀಗಿನಲ್ಲಿ ಹಾಗಾದದ್ದು ಅದೇ ಮೊದಲು. ಅದೇ ಸಾಲಿನ ವಿಶ್ವ ಸರಣಿಯಲ್ಲಿ ಬಾಲ್ಟಿಮೋರ್ ವಿರುದ್ಧ ಅವನು ಆಡಿದ ಆಟವನ್ನು ಅಣಕಿಸಿ ಬರೆಯಲು ಯಾರಿಗೂ ಆಗಲಿಲ್ಲ. 29 ಸಲ ಬ್ಯಾಟು ಹಿಡಿದು 12 ಹಿಟ್. ಮತ್ತೆ ಏಳೂ ಪಂದ್ಯಗಳಲ್ಲಿ. ಸರಣಿಯ ಶ್ರೇಷ್ಠ ಆಟಗಾರ ಅವನೇ. ಗೆದ್ದ ಮೇಲೆ ಟೆಲಿವಿಷನ್ನಿನವರು ಮೈಕು ಹಿಡಿದರು. ಅಮೆರಿಕಕ್ಕೆ ಅಮೆರಿಕವೇ ನೋಡುತ್ತಿದೆ. ಅವನು ಇಂಗ್ಲಿಷಿನಲ್ಲಿ ಮಾತಾಡುವ ಮುಂಚೆ, ಸ್ವಲ್ಪ ಇರಿ ಎಂಬಂತೆ, ಸ್ಪ್ಯಾನಿಷಿನಲ್ಲಿ ದೂರದ ಕರೋಲಿನಾದಲ್ಲಿದ್ದ ತಂದೆತಾಯಿಗಳ ಆಶೀರ್ವಾದ ಬೇಡಿದ. ಕ್ಲೆಮೆಂತೆ, ವಾಕರ್, ಇಬ್ಬರದೂ. ಪುಸ್ತಕದ ಆ ಪುಟವನ್ನು ನಾನು ಎಷ್ಟು ಸಲ ತಿರುವಿಹಾಕಿದ್ದೇನೋ ಲೆಕ್ಕವಿಲ್ಲ.

1972ರ ಸೆಪ್ಟೆಂಬರ್ 30. ಅಂದು ಅವನು ಹೊಡೆದದ್ದು ಜೀವಮಾನದ ಮೂರು ಸಾವಿರದ ಹಿಟ್. ಸಾಲಿನ ಲೆಕ್ಕಕ್ಕೆ ಸೇರಿದ ಕೊನೆಯ ಹಿಟ್ಟೂ ಅದೇ ಆಯಿತು. ಸರಿಯಾಗಿ 3,000, ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ.

ಆ ನವೆಂಬರಿನಲ್ಲಿ ಪೋರ್ಟೊರಿಕೊದ ಹವ್ಯಾಸಿ ತಂಡವನ್ನು ಕರೆದುಕೊಂಡು ಅವನು ನಿಕರಾಗುವಾ ದೇಶಕ್ಕೆ ಹೋಗಿದ್ದ. ಹಿಂದಿರುಗಿದ ಕೆಲವೇ ದಿನಕ್ಕೆ, ಡಿಸೆಂಬರ್ 23ರಂದು, ಅದರ ರಾಜಧಾನಿ ಮನಾಗುವಾ ಭೂಕಂಪದಲ್ಲಿ ನೆಲಸಮವಾಯಿತು. 2001ರ ಜನವರಿ 26ರ ಬೆಳಿಗ್ಗೆ ಕಂಡವರು ಅಹಮದಾಬಾದಿನಲ್ಲಿ ಇಂದಿಗೂ ಆ ಮಾತು ಬಂದರೆ ದನಿ ತಗ್ಗಿಸುತ್ತಾರೆ. ಭೂಕಂಪ ಎಂದರೆ ಏನೆಂದು ಈ ಊರಿಗೆ ಗೊತ್ತು. ಕ್ಲೆಮೆಂತೆ ಹಬ್ಬ ಬಿಟ್ಟು ಪರಿಹಾರ ಸಮಿತಿಯ ಮುಂದಾಳಾದ. ಸಾನ್ ಹ್ವಾನ್ ನಗರದ ಕ್ರೀಡಾಂಗಣದಲ್ಲಿ ನಿಂತು ಬಟ್ಟೆ, ಆಹಾರ, ಔಷಧ ಕೂಡಿಹಾಕಿದ. ಕಳಿಸಿದ ಸಾಮಾನನ್ನು ಅಲ್ಲಿಯ ಸರ್ವಾಧಿಕಾರಿ ಸೊಮೋಸಾನ ಸೈನಿಕರು ನಡುವೆಯೇ ಹೊಡೆದುಕೊಳ್ಳುತ್ತಿದ್ದಾರೆಂಬ ಸುದ್ದಿ ಬಂತು. ತಾನೇ ಜೊತೆಗೆ ಹೋದರೆ ಕದಿಯುವ ಧೈರ್ಯ ಯಾರಿಗೂ ಬರಲಾರದು ಎಂದು ಅವನ ಎಣಿಕೆ. ಸಿಕ್ಕಿದ ವಿಮಾನ ಹಳೆಯ ಡಿಸಿ-7. ಅದೇ ತಿಂಗಳ ಮೊದಲಲ್ಲಿ ನೆಲದ ಮೇಲೆ ಓಡುವಾಗಲೇ ಅಪಘಾತವಾಗಿದ್ದದ್ದು. ಅದರ ಮೇಲೆ ಮಿತಿಗಿಂತ ಸುಮಾರು 1,900 ಕಿಲೋ ಹೆಚ್ಚು ಹೇರಿತ್ತು. ಡಿಸೆಂಬರ್ 31ರ ರಾತ್ರಿ, ಊರೆಲ್ಲ ಹೊಸ ವರ್ಷಕ್ಕೆ ಕಾದಿರುವಾಗ, ಐದು ಜನರನ್ನು ಹೊತ್ತು ಅದು ಮೇಲೆದ್ದಿತು. ಎದ್ದ ಸ್ವಲ್ಪ ಹೊತ್ತಿಗೆ ದಡದ ಸಮೀಪವೇ ಸಮುದ್ರಕ್ಕೆ ಬಿತ್ತು. ಕ್ಲೆಮೆಂತೆಯ ದೇಹ ಸಿಗಲೇ ಇಲ್ಲ. ವಯಸ್ಸು 38. ಹೆಂಡತಿ ವೆರಾ, ಮೂವರು ಸಣ್ಣ ಗಂಡುಮಕ್ಕಳು. ತಂಡದ ಗೆಳೆಯರೆಲ್ಲ ಪ್ರಾರ್ಥನೆಗೆ ಚರ್ಚಿನಲ್ಲಿ ಸೇರಿದಾಗ ಮ್ಯಾನಿ ಸಾಂಗಿಯೆನ್ ಒಬ್ಬ ಬಂದಿರಲಿಲ್ಲ. ಅವನು ಮುಳುಗುಗಾರರ ಜೊತೆ ಸಮುದ್ರದಲ್ಲಿ ಹುಡುಕುತ್ತಿದ್ದ.

ದೊಡ್ಡ ಆಟಗಾರರಿಗೆ ಕೂಪರ್ಸ್‌ಟೌನ್ ಎಂಬಲ್ಲಿ ಒಂದು ಕೀರ್ತಿಮಂದಿರವಿದೆ. ಆಟ ಬಿಟ್ಟು ಐದು ವರ್ಷ ಕಳೆಯದೆ ಅಲ್ಲಿಗೆ ಪ್ರವೇಶವಿಲ್ಲ. ಇವನಿಗಾಗಿ ಆ ನಿಯಮ ಸಡಿಲಿಸಿ 1973ರಲ್ಲೇ ಸೇರಿಸಿದರು. ಲ್ಯಾಟಿನ್ ಅಮೆರಿಕದಿಂದ ಅಲ್ಲಿಗೆ ಹೋದವರಲ್ಲಿ ಇವನೇ ಮೊದಲಿಗ. ಕಂಚಿನ ಫಲಕ ಎರಕ ಹೊಯ್ದರು. ಅದರ ಮೇಲೆ ಏನು ಕೆತ್ತಿದರು ಗೊತ್ತೇ? ರೊಬೆರ್ತೊ ವಾಕರ್ ಕ್ಲೆಮೆಂತೆ. ತಾಯಿಯ ಹೆಸರನ್ನು ಇಂಗ್ಲಿಷರ ರೂಢಿಯಂತೆ ನಡುವೆ ತುರುಕಿಬಿಟ್ಟಿದ್ದರು! ಬದುಕಿರುವಾಗ ಬಾಬ್ ಆದವನು ಸತ್ತ ಮೇಲೂ ಸರಿಯಾಗಲಿಲ್ಲ. ಇಪ್ಪತ್ತೇಳು ವರ್ಷ ಆ ಫಲಕ ಹಾಗೆಯೇ ಗೋಡೆಯ ಮೇಲಿತ್ತು. 2000ದಲ್ಲಿ ಹೊಸ ಫಲಕ ಎರೆದು ರೊಬೆರ್ತೊ ಕ್ಲೆಮೆಂತೆ ವಾಕರ್ ಎಂದು ತಿದ್ದಿದರು.

ಅಷ್ಟೂ ವರ್ಷ ತಪ್ಪದೆ ಉಳಿದದ್ದು ಅಂಗಿಯ ಮೇಲಿನ ಸಂಖ್ಯೆ. ಅದರೊಳಗೆ ಏಳು, ಎಂಟು, ಆರು ಅಂತ ಹೆಸರು ತನ್ನ ಕ್ರಮದಲ್ಲೇ ಕೂತಿತ್ತು. ವಾಕರ್ ಬಿಟ್ಟರೆ 15 ಆಗುತ್ತದೆ; ಬಾಬ್ ಮಾಡಿದರೆ 11ಕ್ಕೆ ಇಳಿಯುತ್ತದೆ. ಎಣಿಸಲು ಬಂದವರಿಗೆ 21 ಸಿಗಬೇಕಾದರೆ ಅಮ್ಮನ ಹೆಸರನ್ನು ಸೇರಿಸಲೇಬೇಕು. 1973ರ ಏಪ್ರಿಲ್ 6ರಂದು ಪಿಟ್ಸ್‌ಬರ್ಗ್ ಆ ಸಂಖ್ಯೆಗೆ ವಿಶ್ರಾಂತಿ ಕೊಟ್ಟಿತು. 2001ರಲ್ಲಿ ತೆರೆದ ಅವರ ಹೊಸ ಕ್ರೀಡಾಂಗಣದಲ್ಲಿ ಅವನು ಕಾಯುತ್ತಿದ್ದ ಬಲಮೂಲೆಯ ಗೋಡೆಯನ್ನು 21 ಅಡಿ ಎತ್ತರಕ್ಕೆ ಕಟ್ಟಿದ್ದಾರೆ. ಜಾಕಿ ರಾಬಿನ್‌ಸನ್‌ನ 42ಕ್ಕೆ 1997ರಲ್ಲಿ ಇಡೀ ಲೀಗೇ ವಿಶ್ರಾಂತಿ ಕೊಟ್ಟಿತಲ್ಲ, 21ಕ್ಕೂ ಹಾಗೆ ಮಾಡಿ ಎಂಬ ಒತ್ತಾಯ ಮತ್ತೆ ಮತ್ತೆ ಎದ್ದಿದೆ. ರಾಬಿನ್‌ಸನ್ ಸತ್ತದ್ದೂ 1972ರಲ್ಲೇ, ಅಕ್ಟೋಬರಿನಲ್ಲಿ. 2020ರ ಸೆಪ್ಟೆಂಬರ್ 9ರಂದು ಪಿಟ್ಸ್‌ಬರ್ಗ್ ತಂಡದ ಅಷ್ಟೂ ಜನ 21 ತೊಟ್ಟು ಇಳಿದರು. ಆ ದಿನ ದೂರದಲ್ಲಿ ಕೂತವರಿಗೆ ಯಾರು ಯಾರೆಂದು ಗೊತ್ತಾಗಿರಲಾರದು.

ಇಷ್ಟನ್ನೂ ಒಂದು ರಾತ್ರಿ ಊಟವಾದ ಮೇಲೆ ಹುಡುಗನಿಗೆ ಹೇಳಿದೆ. ಅವನು ಏನೂ ಅನ್ನದೆ ಎದ್ದುಹೋಗಿ ನೋಟ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರು ಬರೆದ, ಅಪ್ಪನ ಹೆಸರು ಬರೆದ, ಎಣಿಸಿದ. ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಕೂತ. ನಮ್ಮ ಕಡೆಯ ಹೆಸರುಗಳಲ್ಲಿ ಅಪ್ಪ ಇರುತ್ತಾನೆ, ಊರು ಇರುತ್ತದೆ, ಅಮ್ಮ ಮಾತ್ರ ಎಲ್ಲೂ ಇರುವುದಿಲ್ಲ. ಅದು ಅವನಿಗೆ ಹೊಳೆಯಿತೋ ಏನೋ. ಕೆಳಗೆ ನನ್ನ ಅಕ್ಕನ ಹೆಸರನ್ನೂ ಬರೆದು ಮತ್ತೆ ಎಣಿಸಿದ. 26 ಬಂತು. ಮಾರನೆಯ ದಿನ ಹೋಗಿ ವಿಚಾರಿಸಿದರೆ 26 ಆಗಲೇ ಎ ಬ್ಲಾಕಿನ ವಿಕೆಟ್ ಕೀಪರಿನ ಬೆನ್ನ ಮೇಲಿತ್ತು. ಆ ಕೀಪರನ ತಂದೆಗೆ ಸೂರತ್‌ಗೆ ವರ್ಗವಾಗುವ ಸುದ್ದಿ ಇದೆಯಂತೆ. ನಮ್ಮ ಹುಡುಗ ಈಗ ನಂಬರಿಲ್ಲದ ಬಿಳಿ ಬನಿಯನ್ನಿನಲ್ಲೇ ಆಡುತ್ತಿದ್ದಾನೆ.